ಪಂದ್ಯದ ಪಾರಿವಾಳ: ಬಣ್ಣ ಹೇಳುವುದೇನು, ಹೇಳದಿರುವುದೇನು?

ಪಂದ್ಯದ ಪಾರಿವಾಳ ಸಾಕುವವರು ಜೋಡಿ ಹಾಕುವಾಗ ಮೊದಲು ಎತ್ತುವ ಪ್ರಶ್ನೆ ಸಾಮಾನ್ಯವಾಗಿ ಬಣ್ಣದ್ದು. ನೀಲಿ ಗಂಡಿಗೆ ನೀಲಿ ಹೆಣ್ಣನ್ನೇ ಬಿಡಬೇಕೆ, ಚೆಕ್ಕರ್ ಬಿಡಬೇಕೆ? ಕೆಂಪಿಗೆ ಕೆಂಪು ಸೇರಿದರೆ ಮರಿ ಬಲಹೀನವಾಗುತ್ತದೆಯೆ? ಬಿಳಿ ಗರಿ ಇಣುಕಿದ ಹಕ್ಕಿ ದೂರದ ಹಾರಾಟಕ್ಕೆ ಒದಗುವುದಿಲ್ಲವೆ? ಇಂಥ ಪ್ರಶ್ನೆಗಳಿಗೆ ಹಿರಿಯ ಸಾಕಣೆದಾರರಲ್ಲಿ ಸಿದ್ಧ ಉತ್ತರಗಳಿರುತ್ತವೆ. ಆ ಉತ್ತರಗಳು ಒಬ್ಬರಿಂದೊಬ್ಬರಿಗೆ ಸಾಗಿ ನಿಯಮದ ಸ್ಥಾನ ಪಡೆದಿವೆ. ಹಕ್ಕಿಯ ಬೆಲೆಯೂ ಅನೇಕ ಸಲ ಅವುಗಳ ಮೇಲೆಯೇ ನಿಂತಿರುತ್ತದೆ.

ಪಾರಿವಾಳದ ಬಣ್ಣದ ತಳಿವಿಜ್ಞಾನ ಇಂದು ಸಾಕಷ್ಟು ಸ್ಪಷ್ಟವಾಗಿದೆ. 2013ರಲ್ಲಿ ಪಾರಿವಾಳದ ಜೀನೋಮ್ ಪ್ರಕಟವಾದ ಬಳಿಕ ಬಣ್ಣಕ್ಕೆ ಕಾರಣವಾದ ಜೀನ್‌ಗಳು ಒಂದೊಂದಾಗಿ ಪತ್ತೆಯಾಗಿವೆ. ಆದ್ದರಿಂದ ಆ ಹಳೆಯ ನಿಯಮಗಳನ್ನು ಒರೆಗೆ ಹಚ್ಚಿ ನೋಡಲು ಇದು ತಕ್ಕ ಕಾಲ. ಬಣ್ಣ ಯಾವುದನ್ನು ನಿಜವಾಗಿ ತಿಳಿಸುತ್ತದೆ, ಯಾವುದನ್ನು ನಾವೇ ಅದರ ಮೇಲೆ ಹೇರಿದ್ದೇವೆ ಎಂಬುದನ್ನು ಬೇರ್ಪಡಿಸುವುದು ಈ ಲೇಖನದ ಉದ್ದೇಶ.

ದಾಖಲೆ ಇಲ್ಲದಲ್ಲಿ ಬಣ್ಣವೇ ಬೆಲೆ

ಬೆಂಗಳೂರು, ಚೆನ್ನೈಗಳಂಥ ನಗರಗಳಲ್ಲಿ ಹೋಮರ್ ಪಾರಿವಾಳಗಳ ಪಂದ್ಯ ನಡೆಸುವ ಸಂಘಗಳಿವೆ. ಹಕ್ಕಿಯ ಕಾಲಿಗೆ ಸಂಖ್ಯೆಯುಳ್ಳ ರಿಂಗ್ ಇರುತ್ತದೆ. ಬಿಟ್ಟ ಸ್ಥಳದಿಂದ ಗೂಡಿಗೆ ಇರುವ ನೇರ ದೂರವನ್ನು ಹಾರಾಟದ ಅವಧಿಯಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಮೀಟರ್ ಎಂದು ವೇಗ ನಿರ್ಧರಿಸುತ್ತಾರೆ. ಅಲ್ಲಿ ಹಕ್ಕಿಗೆ ಒಂದು ದಾಖಲೆ ಇರುತ್ತದೆ.

ಈಗ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳವನ್ನು ತೆಗೆದುಕೊಳ್ಳಿ. ಇಲ್ಲಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 400 ಕಿ.ಮೀ. ನಿಮಿಷಕ್ಕೆ 1,200 ಮೀಟರ್ ವೇಗದ ಹಕ್ಕಿಗೆ ಇದು ಸುಮಾರು 5 ಗಂಟೆ 33 ನಿಮಿಷದ ಹಾದಿ. ಬೆಂಗಳೂರಿನ ಗೂಡಿನಲ್ಲಿ ಬೆಳೆದು ಪಳಗಿದ ಹೋಮರ್ ಒಂದನ್ನು ನೀವು ಕೊಂಡು ತಂದಿರಿ ಎನ್ನಿ. ಅದನ್ನು ಮುದ್ದೇಬಿಹಾಳದಲ್ಲಿ ಹಾರಿಬಿಟ್ಟರೆ ಅದು ನಿಮ್ಮ ಮಾಳಿಗೆಗೆ ಮರಳುವುದಿಲ್ಲ. ಹೊರಡುವುದು ಬೆಂಗಳೂರಿನ ಕಡೆಗೇ. ಅದು ತಳಿಯ ದೋಷವಲ್ಲ, ಗುಣ. ಆದ್ದರಿಂದ ಕೊಂಡು ತಂದ ದೊಡ್ಡ ಹಕ್ಕಿಯನ್ನು ಕೂಡಿಹಾಕಿ ಮರಿಗಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಹಾರಿಸಬಹುದಾದುದು ಅದರ ಮರಿಗಳನ್ನು ಮಾತ್ರ.

ಇದರ ಪರಿಣಾಮ ಗಮನಿಸಬೇಕಾದದ್ದು. ಕೊಂಡವನು ತನ್ನ ಹಕ್ಕಿ ಹಾರುವುದನ್ನು ಎಂದೂ ನೋಡಲಾರ. ಅವನ ಕಣ್ಣಿಗೆ ಬೀಳುವುದು ಬಣ್ಣ, ಕಣ್ಣು ಮತ್ತು ಮೈಕಟ್ಟು ಮಾತ್ರ. ಮಾರುವವನು ಹೇಳಿದ ವಂಶದ ಕಥೆ ಅದಕ್ಕೆ ಜೊತೆಯಾಗುತ್ತದೆ. ಪಂದ್ಯದ ಕೇಂದ್ರಗಳಿಂದ ದೂರವಾದ ಊರುಗಳಲ್ಲಿ ದಾಖಲೆಯ ಸ್ಥಾನವನ್ನು ಬಣ್ಣ ಆಕ್ರಮಿಸುವುದು ಹೀಗೆ. 2020ರ ನವೆಂಬರಿನಲ್ಲಿ ‘ನ್ಯೂ ಕಿಮ್’ ಎಂಬ ಬೆಲ್ಜಿಯಂ ದೇಶದ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು. ಅದಕ್ಕೆ ಆಧಾರ ಅದು 2018ರ ಪಂದ್ಯಗಳಲ್ಲಿ ತೋರಿದ ಸಾಧನೆ. ಅಂಥ ಆಧಾರವಿಲ್ಲದೆ ಬಣ್ಣ ನೋಡಿ ಹಣ ಕೊಡುವವನು ಯಾವುದಕ್ಕೆ ಹಣ ಕೊಡುತ್ತಿದ್ದಾನೆ ಎಂಬುದು ಕೇಳಬೇಕಾದ ಪ್ರಶ್ನೆ.

ಮೂರು ಮೂಲ ಬಣ್ಣಗಳು

ಪಾರಿವಾಳಗಳಲ್ಲಿ ಎಣಿಸಲಾಗದಷ್ಟು ಬಣ್ಣಗಳಿವೆ ಎಂದು ತೋರಿದರೂ ಮೂಲ ಬಣ್ಣಗಳು ಮೂರೇ: ಬೂದಿಗೆಂಪು, ನೀಲಿ ಮತ್ತು ಕಂದು. ಇವು ಟಿವೈಆರ್‌ಪಿ1 ಎಂಬ ಒಂದೇ ಜೀನಿನ ಮೂರು ರೂಪಗಳು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕಲ್ ಶಪಿರೊ ಅವರ ತಂಡ 2014ರಲ್ಲಿ ಇದನ್ನು ತೋರಿಸಿತು. ಬೂದಿಗೆಂಪು ಅತ್ಯಂತ ಪ್ರಬಲ, ನೀಲಿ ಮಧ್ಯಮ, ಕಂದು ಅಪ್ರಬಲ. ಸಾಕಣೆದಾರರು ‘ಮೀಲಿ’, ‘ರೆಡ್ ಚೆಕ್ಕರ್’ ಎನ್ನುವ ಹಕ್ಕಿಗಳು ಬೂದಿಗೆಂಪಿನ ಗುಂಪಿಗೆ ಸೇರಿದವು. ‘ಬ್ಲೂಬಾರ್’, ‘ಬ್ಲೂ ಚೆಕ್ಕರ್’ಗಳು ನೀಲಿಯ ಗುಂಪಿನವು.

ಈ ಮೂಲ ಬಣ್ಣದ ಮೇಲೆ ರೆಕ್ಕೆಯ ವಿನ್ಯಾಸ ಬರುತ್ತದೆ. ದಟ್ಟ ಚೌಕಳಿ, ಚೌಕಳಿ, ಎರಡು ಪಟ್ಟೆ, ಪಟ್ಟೆಯೇ ಇಲ್ಲದ್ದು ಎಂಬುದು ಪ್ರಾಬಲ್ಯದ ಕ್ರಮ. ಇದು ಎನ್‌ಡಿಪಿ ಎಂಬ ಬೇರೊಂದು ಜೀನಿಗೆ ಸಂಬಂಧಿಸಿದ್ದು. ಚೌಕಳಿಯ ರೂಪ ಪಾರಿವಾಳಕ್ಕೆ ಆಫ್ರಿಕದ ಚುಕ್ಕಿ ಪಾರಿವಾಳ ಎಂಬ ಬೇರೆ ಪ್ರಭೇದದೊಡನೆ ನಡೆದ ಸಂಕರದಿಂದ ಬಂದದ್ದೆಂದು 2018ರಲ್ಲಿ ಇದೇ ತಂಡ ತೋರಿಸಿತು.

ಇನ್ನು ಕೆಲವು ಜೀನ್‌ಗಳ ಕೆಲಸ ಮರೆಮಾಚುವುದು. ಒಂದು ಜೀನ್ ಬಾಲದ ತುದಿಯ ಕಪ್ಪನ್ನು ಮೈಗೆಲ್ಲ ಹರಡಿದಂತೆ ಮಾಡಿ ನೀಲಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಪಟ್ಟೆಯಾಗಲಿ ಚೌಕಳಿಯಾಗಲಿ ಆಗ ಕಾಣುವುದಿಲ್ಲ. ಸಾಕ್ಸ್10 ಜೀನಿನ ಸಮೀಪದ ಬದಲಾವಣೆ ಎರಡೂ ಕಡೆಯಿಂದ ಬಂದಾಗ ಹಕ್ಕಿ ತಲೆಯಿಂದ ಬಾಲದವರೆಗೆ ಇಟ್ಟಿಗೆಗೆಂಪಾಗುತ್ತದೆ. ಇದನ್ನು ‘ಅಪ್ರಬಲ ಕೆಂಪು’ ಎನ್ನೋಣ. ಬೂದಿಗೆಂಪಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ನಂಟು. ಬೂದಿಗೆಂಪಿನ ಹಕ್ಕಿಯ ಬಾಲ ಬೂದಿಬಣ್ಣದ್ದು, ಅಪ್ರಬಲ ಕೆಂಪಿನದು ಕೆಂಪು. ಎಸ್‌ಎಲ್‌ಸಿ45ಎ2 ಎಂಬ ಮತ್ತೊಂದು ಜೀನಿನ ಬದಲಾವಣೆ ಬಣ್ಣವನ್ನೆಲ್ಲ ತೆಳುವಾಗಿಸುತ್ತದೆ. ಅಂಥ ಮರಿ ಮೊಟ್ಟೆಯೊಡೆದಾಗ ಮೈಮೇಲೆ ತುಪ್ಪುಳ ತೀರ ಕಡಿಮೆ ಇರುವುದರಿಂದ ಮೊದಲ ದಿನವೇ ಅದನ್ನು ಗುರುತಿಸಬಹುದು.

‘ಕೆಂಪಿಗೆ ಕೆಂಪು ಹಾಕಬಾರದು’ ಎಂಬ ನಿಯಮದ ಮೊದಲ ಕೊರತೆ ಇಲ್ಲಿಯೇ ಕಾಣುತ್ತದೆ. ಯಾವ ಕೆಂಪು ಎಂದು ಅದು ಹೇಳುವುದಿಲ್ಲ.

ತಂದೆಯ ಬಣ್ಣ ಮಗಳಿಗೆ

ಮನುಷ್ಯರಲ್ಲಿ ಗಂಡಿನ ಎರಡು ಲಿಂಗ ವರ್ಣತಂತುಗಳು ಬೇರೆ ಬೇರೆ. ಹಕ್ಕಿಗಳಲ್ಲಿ ಇದು ತಿರುವುಮುರುವು. ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಮೂಲ ಬಣ್ಣದ ಜೀನ್ ಝಡ್ ಮೇಲಿದೆ. ಮಗಳು ತನ್ನ ಒಂದೇ ಝಡ್ ವರ್ಣತಂತುವನ್ನು ತಂದೆಯಿಂದ ಪಡೆಯುತ್ತಾಳೆ. ಆದ್ದರಿಂದ ಹೆಣ್ಣುಮರಿಯ ಮೂಲ ಬಣ್ಣವನ್ನು ನಿರ್ಧರಿಸುವವನು ತಂದೆ. ಅದರಲ್ಲಿ ತಾಯಿಗೆ ಪಾಲಿಲ್ಲ.

ನೀಲಿ ಗಂಡಿಗೆ ಬೂದಿಗೆಂಪು ಹೆಣ್ಣನ್ನು ಜೋಡಿ ಮಾಡಿ ನೋಡಿ. ಗಂಡುಮರಿಗಳೆಲ್ಲ ತಾಯಿಯಿಂದ ಪ್ರಬಲ ರೂಪ ಪಡೆದು ಬೂದಿಗೆಂಪಾಗುತ್ತವೆ, ಹೆಣ್ಣುಮರಿಗಳೆಲ್ಲ ತಂದೆಯಂತೆ ನೀಲಿ. ಗರಿ ಮೂಡುತ್ತಿದ್ದಂತೆ ಗೂಡಿನಲ್ಲಿಯೇ ಲಿಂಗ ತಿಳಿಯುತ್ತದೆ. ಇದು ಸಣ್ಣ ಅನುಕೂಲವೇನಲ್ಲ. ಪಾರಿವಾಳದಲ್ಲಿ ಗಂಡು ಹೆಣ್ಣು ನೋಟಕ್ಕೆ ಹೆಚ್ಚು ಕಡಿಮೆ ಒಂದೇ ತರಹ. ಮೊದಲ ಮಹಾಯುದ್ಧದಲ್ಲಿ, 1918ರ ಅಕ್ಟೋಬರಿನಲ್ಲಿ ಫ್ರಾನ್ಸಿನ ರಣರಂಗದಿಂದ ಸಂದೇಶ ಹೊತ್ತು ತಂದ ‘ಶೆರ್ ಅಮಿ’ ಎಂಬ ಪ್ರಸಿದ್ಧ ಪಾರಿವಾಳ ಹೆಣ್ಣೋ ಗಂಡೋ ಎಂಬ ಸಂದೇಹ ಬಹಳ ಕಾಲ ಉಳಿದಿತ್ತು. ಅದು ಗಂಡು ಎಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿದ್ದು 2021ರಲ್ಲಿ.

ಬಣ್ಣದ ಇನ್ನೊಂದು ಉಪಯೋಗ ವಂಶಪತ್ರದ ತಪಾಸಣೆ. ಹಕ್ಕಿ ಕೊಳ್ಳುವಾಗ ನಿಮ್ಮ ಕೈಗೆ ಬರುವ ವಂಶಪತ್ರವನ್ನು ಈ ಕೆಲವು ಸೂತ್ರಗಳಿಗೆ ಹೋಲಿಸಿ ನೋಡಿ:

- ಬೂದಿಗೆಂಪು ಮರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬೂದಿಗೆಂಪು ಇರಲೇಬೇಕು. ನೀಲಿಗೆ ನೀಲಿ ಸೇರಿ ಬೂದಿಗೆಂಪು ಹುಟ್ಟುವುದಿಲ್ಲ.
- ಪಟ್ಟೆಗೆ ಪಟ್ಟೆ ಸೇರಿ ಚೌಕಳಿ ಹುಟ್ಟುವುದಿಲ್ಲ. ಚೌಕಳಿಗೆ ಚೌಕಳಿ ಸೇರಿ ಪಟ್ಟೆ ಹುಟ್ಟಬಹುದು.
- ಅಪ್ರಬಲ ಕೆಂಪಿಗೆ ಅಪ್ರಬಲ ಕೆಂಪು ಸೇರಿದರೆ ಮರಿಗಳೆಲ್ಲ ಅಪ್ರಬಲ ಕೆಂಪೇ.
- ಬೂದಿಗೆಂಪು ಹಕ್ಕಿಯ ಗರಿಗಳಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಬಹುಮಟ್ಟಿಗೆ ಗಂಡು, ಮತ್ತು ಒಳಗೆ ನೀಲಿಯ ರೂಪವನ್ನೂ ಹೊತ್ತಿದೆ.

ಮರೆಮಾಚುವ ಜೀನ್‌ಗಳಿರುವಲ್ಲಿ ಮೊದಲೆರಡು ಸೂತ್ರಗಳನ್ನು ಎಚ್ಚರದಿಂದ ಬಳಸಬೇಕು. ಅಪ್ರಬಲ ಕೆಂಪಿನ, ಕಪ್ಪಿನ ಅಥವಾ ಪೂರ್ತಿ ಬಿಳಿಯ ಹಕ್ಕಿಯ ಅಡಿಯಲ್ಲಿ ಬೇರೆ ಬಣ್ಣವೋ ವಿನ್ಯಾಸವೋ ಅಡಗಿರಬಹುದು. ಅಂಥ ಹಕ್ಕಿ ಇಲ್ಲದ ಜೋಡಿಯ ವಂಶಪತ್ರದಲ್ಲಿ ಎರಡು ನೀಲಿ ಹಕ್ಕಿಗಳ ಮರಿ ಎಂದು ಮೀಲಿಯೊಂದನ್ನು ತೋರಿಸಿದ್ದರೆ ಆ ಕಾಗದವನ್ನು ನಂಬುವ ಅಗತ್ಯವಿಲ್ಲ. ಬಣ್ಣ ನಿಜವಾಗಿ ಮಾತನಾಡುವ ಕ್ಷೇತ್ರ ಇದು: ಲಿಂಗ ಮತ್ತು ಮಾತಾಪಿತೃತ್ವ.

‘ನೀಲಿ ಮೂಲ ಬಣ್ಣ, ಆದ್ದರಿಂದ ಗಟ್ಟಿ’

ಬಣ್ಣದ ಬಗೆಗಿನ ನಂಬಿಕೆಗಳಲ್ಲಿ ಅತ್ಯಂತ ಗೌರವಾನ್ವಿತವಾದದ್ದು ಇದು. ಇದಕ್ಕೆ ಪರೋಕ್ಷವಾಗಿ ಡಾರ್ವಿನ್ನನ ಆಸರೆಯೂ ಇದೆ. ಡಾರ್ವಿನ್ 1855ರಿಂದ ಪಾರಿವಾಳಗಳನ್ನು ಸಾಕಿ, ಲಂಡನ್ನಿನ ಎರಡು ಪಾರಿವಾಳ ಸಂಘಗಳ ಸದಸ್ಯನಾಗಿದ್ದ. 1859ರ ‘ಜೀವಿಗಳ ಉಗಮ’ ಗ್ರಂಥದಲ್ಲಿ ಅವನು ತನ್ನ ಒಂದು ಪ್ರಯೋಗ ವಿವರಿಸುತ್ತಾನೆ. ಬಿಳಿಯ ಬೀಸಣಿಗೆ ಬಾಲದ ಪಾರಿವಾಳಗಳನ್ನು ‘ಬಾರ್ಬ್’ ಎಂಬ ಕಪ್ಪು ತಳಿಯೊಡನೆ ಕೂಡಿಸಿದ. ಹುಟ್ಟಿದ ಮಿಶ್ರ ಹಕ್ಕಿಗಳನ್ನು ಮತ್ತೆ ಪರಸ್ಪರ ಕೂಡಿಸಿದ. ಮೊಮ್ಮಗುವಿನ ಪೀಳಿಗೆಯಲ್ಲಿ ಕಾಡು ಪಾರಿವಾಳದಂತೆಯೇ ನೀಲಿ ಮೈಯ, ರೆಕ್ಕೆಯ ಮೇಲೆ ಎರಡು ಪಟ್ಟೆಯ ಹಕ್ಕಿಯೊಂದು ಕಾಣಿಸಿಕೊಂಡಿತು. ಎಲ್ಲ ತಳಿಗಳೂ ಒಂದೇ ಕಾಡು ಪ್ರಭೇದದಿಂದ ಬಂದವು ಎಂಬುದಕ್ಕೆ ಇದನ್ನು ಅವನು ಸಾಕ್ಷ್ಯವಾಗಿಸಿದ. ತೀರ್ಮಾನ ಸರಿಯಾಗಿತ್ತು.

ಆದರೆ ಈ ಮರುಕಳಿಕೆ ಹೇಗೆ ನಡೆಯಿತು ಎಂಬುದನ್ನು ವಿವರಿಸುವ ಸಾಧನ ಅವನಲ್ಲಿರಲಿಲ್ಲ. ಮೆಂಡೆಲ್‌ನ ಪ್ರಬಂಧ ಪ್ರಕಟವಾದದ್ದು 1866ರಲ್ಲಿ. ಅದರ ಮಹತ್ವ ಜಗತ್ತಿಗೆ ತಿಳಿದದ್ದು 1900ರಲ್ಲಿ. ಇಂದಿನ ವಿವರಣೆ ಸರಳವಾಗಿದೆ. ಕಪ್ಪು ಹಕ್ಕಿಯಲ್ಲೂ ಬಿಳಿ ಹಕ್ಕಿಯಲ್ಲೂ ನೀಲಿ ಅಡಗಿಯೇ ಇತ್ತು. ಅದನ್ನು ಮುಚ್ಚಿದ್ದ ಜೀನ್‌ಗಳು ಎರಡನೆಯ ಪೀಳಿಗೆಯಲ್ಲಿ ಬೇರ್ಪಟ್ಟಾಗ ನೀಲಿ ಹೊರಬಿತ್ತು. ಹೊರಬಂದದ್ದು ಬಣ್ಣವೇ ಹೊರತು ಕಾಡುಹಕ್ಕಿಯ ಕಸುವಲ್ಲ. ‘ಮರುಕಳಿಕೆ’ ಎಂಬ ಪದ ಸಾಕಣೆದಾರರ ಬಾಯಿಗೆ ಬಂದು ‘ರಕ್ತಕ್ಕೆ ಹಳೆಯ ಬಲ ಮರಳಿತು’ ಎಂಬ ಅರ್ಥ ಪಡೆದದ್ದು ವಿಜ್ಞಾನದ ಮಾತಲ್ಲ.

ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ವಿಜಯಪುರದ ಗೋಳಗುಮ್ಮಟ, ಕೋಟೆಗೋಡೆ ಹಾಗೂ ಹಳ್ಳಿಗಳ ಹಳೆಯ ಭಾವಿಗಳಲ್ಲಿರುವ ಪಾರಿವಾಳಗಳನ್ನು ನೋಡಿ. ಬಹುಪಾಲು ಹಕ್ಕಿಗಳು ನೀಲಿಬೂದು ಮೈಯ, ಎರಡು ಪಟ್ಟೆಯವು. ನೀಲಿ ಬಣ್ಣವೇ ಹಾರಾಟದ ಬಲವಾಗಿದ್ದರೆ ಭಾವಿಯ ಹಕ್ಕಿಯೂ ದೂರದ ಪಂದ್ಯ ಗೆಲ್ಲಬೇಕಿತ್ತು. ಭಾವಿಯ ಹಕ್ಕಿಗೂ ಹೋಮರಿಗೂ ಇರುವ ಅಂತರ ಬಣ್ಣದ ಜೀನಿನಲ್ಲಿಲ್ಲ. ಅದು 19ನೆಯ ಶತಮಾನದಿಂದ ಬೆಲ್ಜಿಯಂ ಮುಂತಾದೆಡೆ ಮನೆಗೆ ಬೇಗ ಮರಳಿದ ಹಕ್ಕಿಗಳನ್ನಷ್ಟೇ ಮರಿಗೆ ಉಳಿಸಿಕೊಂಡು ಬಂದ ಆಯ್ಕೆಯಲ್ಲಿದೆ.

ಗೆದ್ದವನ್ನಷ್ಟೇ ಎಣಿಸುವ ತಪ್ಪು

‘ಗೆದ್ದ ಹಕ್ಕಿಗಳಲ್ಲಿ ಹೆಚ್ಚಿನವು ನೀಲಿ ಮತ್ತು ಚೆಕ್ಕರ್’ ಎಂಬ ವಾದ ನೀವು ಕೇಳಿರಬಹುದು. ಮಾತು ನಿಜವೇ ಇರಬಹುದು, ಅದರಿಂದ ತೆಗೆಯುವ ತೀರ್ಮಾನ ತಪ್ಪು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಪಂದ್ಯಕ್ಕೆ 200 ಹಕ್ಕಿಗಳನ್ನು ಬಿಟ್ಟಿದ್ದಾರೆ: 150 ನೀಲಿ ಗುಂಪಿನವು, 40 ಬೂದಿಗೆಂಪು, 10 ಬೇರೆ ಬಣ್ಣದವು. ಮೊದಲ 20 ಸ್ಥಾನಗಳಲ್ಲಿ 15 ನೀಲಿ, 4 ಬೂದಿಗೆಂಪು, 1 ಬೇರೆ ಬಣ್ಣದ್ದು. ‘20ರಲ್ಲಿ 15 ನೀಲಿ’ ಎಂದರೆ ನೀಲಿಯ ಮೇಲುಗೈ ಎನಿಸುತ್ತದೆ. ಆದರೆ 150ರಲ್ಲಿ 15, 40ರಲ್ಲಿ 4, 10ರಲ್ಲಿ 1 ಎಂದರೆ ಮೂರೂ ಗುಂಪುಗಳ ಯಶಸ್ಸು ಶೇ. 10 ಮಾತ್ರ. ಬಿಟ್ಟ ಹಕ್ಕಿಗಳ ಬಣ್ಣ ಗೊತ್ತಿಲ್ಲದೆ ಗೆದ್ದ ಹಕ್ಕಿಗಳ ಬಣ್ಣದಿಂದ ಏನನ್ನೂ ಹೇಳಲಾಗದು.

ಸಣ್ಣ ಸಂಖ್ಯೆಯ ಸಮಸ್ಯೆಯೂ ಇದೆ. ಮೇಲಿನ ಉದಾಹರಣೆಯ 10 ಹಕ್ಕಿಗಳಲ್ಲಿ ಪ್ರತಿಯೊಂದಕ್ಕೂ ಶೇ. 10ರ ಅವಕಾಶವಿದ್ದರೂ, ಒಂದೂ ಸ್ಥಾನ ಪಡೆಯದಿರುವ ಸಂಭವ ಸುಮಾರು ಶೇ. 35. ಅಂದರೆ ಮೂರು ಪಂದ್ಯಗಳಲ್ಲಿ ಒಂದರಲ್ಲಿ ‘ಆ ಬಣ್ಣದ ಹಕ್ಕಿ ಪ್ರಯೋಜನವಿಲ್ಲ’ ಎನ್ನುವಂತಾಗುತ್ತದೆ, ತಪ್ಪು ಬಣ್ಣದ್ದಲ್ಲದಿದ್ದರೂ. ಪಾರಿವಾಳ ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ಒಂದು ಗೂಡಿನ ಅನುಭವ ಎಷ್ಟು ವರ್ಷದ್ದಾದರೂ ಬಣ್ಣವಾರು ವಿಂಗಡಿಸಿದಾಗ ಸಂಖ್ಯೆ ಸಣ್ಣದೇ.

ಮೂರನೆಯದು ಮನೆತನದ ಗೊಂದಲ. ಒಳ್ಳೆಯ ಬೂದಿಗೆಂಪು ಗಂಡೊಂದು ಒಂದು ಗೂಡಿನಲ್ಲಿ ಹತ್ತಾರು ಮರಿಗಳಿಗೆ ತಂದೆಯಾಯಿತು ಎನ್ನಿ. ಮರಿಗಳಿಗೆ ಅದರ ಬಣ್ಣವೂ ಬರುತ್ತದೆ, ಹಾರಾಟದ ಗುಣದ ಪಾಲೂ ಬರುತ್ತದೆ. ಎರಡೂ ಒಟ್ಟಿಗೆ ಕಂಡಾಗ ಒಂದು ಇನ್ನೊಂದಕ್ಕೆ ಕಾರಣ ಎಂದು ಭಾವಿಸುವುದು ಸಹಜ. ನಾಲ್ಕಾರು ಪೀಳಿಗೆಗಳಲ್ಲಿ ಆ ನಂಟು ಸಡಿಲಿ ಬಣ್ಣ ಉಳಿಯುತ್ತದೆ, ಗುಣ ಚೆದುರುತ್ತದೆ. ಆ ಹೊತ್ತಿಗೆ ಬಣ್ಣಕ್ಕೆ ಹೆಸರು ಬಂದಾಗಿರುತ್ತದೆ.

ಹಾರಾಟದ ಜೀನ್ ಯಾವುದು?

ಪಂದ್ಯದ ಪಾರಿವಾಳವನ್ನು ಬೇರೆ ತಳಿಗಳಿಂದ ಬೇರ್ಪಡಿಸುವ ಜೀನ್ ಯಾವುದೆಂದು ನೇರವಾಗಿ ಹುಡುಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಇದರ ಮುಂದಾಳುಗಳು. ಪಂದ್ಯದ ಹಕ್ಕಿಗಳ ಮತ್ತು ಬೇರೆ ತಳಿಗಳ ಇಡೀ ಜೀನೋಮನ್ನು ಹೋಲಿಸಿದಾಗ ಆಯ್ಕೆಯ ಗುರುತುಗಳು ಒಂದೆಡೆಯಲ್ಲದೆ ಅನೇಕ ಕಡೆ ಕಂಡವು. ಅವುಗಳಲ್ಲಿ ಪ್ರಬಲವಾದದ್ದು ಸಿಎಎಸ್‌ಕೆ ಎಂಬ ಜೀನಿನ ಬಳಿ ಇತ್ತು. ಇದು ನರ ಮತ್ತು ಸ್ನಾಯು ಕೂಡುವ ಸಂಧಿಯ ರಚನೆಗೆ ಸಂಬಂಧಿಸಿದ್ದು. ಆದರೆ ‘ಇದಿದ್ದರೆ ಪಂದ್ಯದ ಹಕ್ಕಿ, ಇಲ್ಲದಿದ್ದರೆ ಅಲ್ಲ’ ಎನ್ನುವಂಥ ಒಂದೇ ಒಂದು ಜೀನ್ ರೂಪವೂ ಸಿಗಲಿಲ್ಲ. ವೇಗ, ದಣಿವು ತಾಳುವ ಶಕ್ತಿ, ದಿಕ್ಕು ಹಿಡಿಯುವ ಸಾಮರ್ಥ್ಯ ಇವು ಅನೇಕ ಜೀನ್‌ಗಳ ಸಣ್ಣ ಸಣ್ಣ ಪಾಲುಗಳಿಂದ ಕೂಡಿದವು, ಮತ್ತು ಆ ರೂಪಗಳು ತಳಿ ರೂಪುಗೊಳ್ಳುವ ಮೊದಲೇ ಪಾರಿವಾಳಗಳಲ್ಲಿ ಹರಡಿಕೊಂಡಿದ್ದವು ಎಂಬುದು ಅವರ ತೀರ್ಮಾನ.

ನಮ್ಮ ವಿಷಯಕ್ಕೆ ಇದರ ಅರ್ಥ ಸ್ಪಷ್ಟ. ಒಂದೆರಡು ಜೀನ್‌ಗಳಿಂದ ನಿರ್ಧಾರವಾಗುವ ಬಣ್ಣ, ಅನೇಕ ಜೀನ್‌ಗಳಿಂದ ನಿರ್ಧಾರವಾಗುವ ಹಾರಾಟದ ಸೂಚಕವಾಗಲಾರದು. ಕಣ್ಣಿನ ಪಾಪೆಯ ಸುತ್ತಲ ಬಣ್ಣ ನೋಡಿ ಹಕ್ಕಿಯ ಯೋಗ್ಯತೆ ಹೇಳುವ ‘ಕಣ್ಣಿನ ಲಕ್ಷಣ’ದ ವಿದ್ಯೆಗೂ ಇದೇ ಮಾತು ಅನ್ವಯಿಸುತ್ತದೆ. ಮುತ್ತಿನಂತೆ ಬಿಳಿಚಿದ ಕಣ್ಣು ಎಸ್‌ಎಲ್‌ಸಿ2ಎ11ಬಿ ಎಂಬ ಒಂದು ಜೀನಿನ ಬದಲಾವಣೆಯಿಂದ ಬರುವುದೆಂದು 2021ರಲ್ಲಿ ತಿಳಿದುಬಂದಿದೆ.

ಬಣ್ಣಕ್ಕೂ ದೇಹಕ್ಕೂ ನಂಟೇ ಇಲ್ಲವೆ?

ವಿಮರ್ಶೆ ಒಂದೇ ಕಡೆ ವಾಲಬಾರದು. ಬಣ್ಣ ಕೇವಲ ಅಲಂಕಾರ ಎನ್ನುವುದೂ ಸರಿಯಲ್ಲ. ಪ್ಯಾರಿಸ್ಸಿನ ಬೀದಿ ಪಾರಿವಾಳಗಳನ್ನು ಕುರಿತ 2011ರ ಅಧ್ಯಯನದಲ್ಲಿ, ಕಪ್ಪು ವರ್ಣಕ ಹೆಚ್ಚಿರುವ ಹಕ್ಕಿಗಳಲ್ಲಿ ರಕ್ತದ ಪರೋಪಜೀವಿಗಳು ಕಡಿಮೆಯೂ ರೋಗ ನಿರೋಧಕ ಪ್ರತಿಕ್ರಿಯೆ ಹೆಚ್ಚೂ ಕಂಡಿತು. ಗಾಢ ಬಣ್ಣದ ಗರಿಗಳು ಸತುವಿನಂಥ ಲೋಹವನ್ನು ಹೆಚ್ಚಾಗಿ ಹಿಡಿದಿಡುತ್ತವೆ ಎಂದು 2014ರಲ್ಲಿ ತೋರಿಸಲಾಯಿತು. ಕ್ಯಾಲಿಫೋರ್ನಿಯದಲ್ಲಿ 7 ವರ್ಷ ನಡೆಸಿ 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕುತೂಹಲಕರ. ಬಾಲದ ಬುಡದ ಮೇಲ್ಭಾಗ ಬಿಳಿಯಾಗಿರುವ ಪಾರಿವಾಳಗಳು ಡೇಗೆಯ ದಾಳಿಯಿಂದ ಹೆಚ್ಚು ಸಲ ಪಾರಾದವು. ಆ ಭಾಗದ ಗರಿಗಳನ್ನು ಅದಲುಬದಲು ಮಾಡಿದಾಗ ಅದೃಷ್ಟವೂ ಅದಲುಬದಲಾಯಿತು. ಭಾರತದ ಕಾಡು ಪಾರಿವಾಳದಲ್ಲಿ ಈ ಭಾಗ ಬೂದಿಬಣ್ಣದ್ದು ಎಂಬುದನ್ನೂ ನೆನಪಿಡಬೇಕು.

ಕೆಲವು ಬಣ್ಣಗಳು ಎಚ್ಚರಿಕೆಯ ಗುರುತೂ ಹೌದು. ‘ಆಲ್ಮಂಡ್’ ಎಂಬ ಬಹುವರ್ಣದ ಚುಕ್ಕೆಯ ಹಕ್ಕಿಗಳನ್ನು ಪರಸ್ಪರ ಜೋಡಿ ಮಾಡಬಾರದು. ಆ ರೂಪವನ್ನು ಎರಡೂ ಕಡೆಯಿಂದ ಪಡೆದ ಗಂಡುಮರಿಗಳಲ್ಲಿ ಕಣ್ಣಿನ ತೀವ್ರ ದೋಷಗಳು ಕಾಣುತ್ತವೆ, ಹಲವು ಬದುಕುವುದಿಲ್ಲ. ಪಟ್ಟೆಯೇ ಇಲ್ಲದ ಹಕ್ಕಿಗಳ ವಿಷಯದಲ್ಲೂ ಜಾಗರೂಕತೆ ಬೇಕು. ಅವುಗಳಲ್ಲಿ ಕೆಟ್ಟಿರುವ ಎನ್‌ಡಿಪಿ ಜೀನ್ ಮನುಷ್ಯರಲ್ಲಿ ಕೆಟ್ಟಾಗ ಆನುವಂಶಿಕ ಕುರುಡು ಬರುತ್ತದೆ. ಅಂಥ ಪಾರಿವಾಳಗಳಲ್ಲೂ ದೃಷ್ಟಿದೋಷ ಹೆಚ್ಚೆಂಬ ವರದಿಗಳಿವೆ. ನೆಲದ ಗುರುತು ಹಿಡಿದು ಮನೆ ಸೇರಬೇಕಾದ ಹಕ್ಕಿಗೆ ಇದು ಸಣ್ಣ ಮಾತಲ್ಲ.

ಆದರೆ ಇವೆಲ್ಲವೂ ಅಳೆದು ಕಂಡ, ನಿರ್ದಿಷ್ಟ ಸಂಗತಿಗಳು. ‘ಕೆಂಪು ಉರಿಬಿಸಿಲಿಗೆ ಸೋಲುತ್ತದೆ’, ‘ಬಿಳಿ ಗರಿ ಸೋಮಾರಿತನದ ಲಕ್ಷಣ’ ಎಂಬ ಬಗೆಯ ಸಾರಾಸಗಟು ತೀರ್ಪಿಗೆ ಇವು ಬೆಂಬಲವಾಗುವುದಿಲ್ಲ.

ಬಣ್ಣದ ಆಸೆಗೆ ತೆರುವ ಬೆಲೆ

ಬಣ್ಣದ ಹಂಬಲದಿಂದ ಆಗುವ ನಿಜವಾದ ಹಾನಿ ಬೇರೆಡೆ ಇದೆ. ಅಪ್ರಬಲ ಕೆಂಪಿನ ಒಂದು ಹಕ್ಕಿ ಕೈಗೆ ಬಂದಿದೆ ಎನ್ನೋಣ. ಅದನ್ನು ನೀಲಿಯೊಡನೆ ಕೂಡಿಸಿದರೆ ಸಾಮಾನ್ಯವಾಗಿ ಒಂದು ಮರಿಯೂ ಅಪ್ರಬಲ ಕೆಂಪಾಗುವುದಿಲ್ಲ. ಆ ಮರಿಗಳಲ್ಲಿ ಅಣ್ಣ ತಂಗಿಯರನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು, ತಂದೆಗೆ ಮಗಳನ್ನು ಕೂಡಿಸಿದರೆ ಎರಡರಲ್ಲಿ ಒಂದು ಕೆಂಪು ಬರಬಹುದು. ಸುತ್ತಮುತ್ತ ಅದೇ ಬಣ್ಣದ ಬೇರೆ ಹಕ್ಕಿ ಸಿಗದ ಊರಿನಲ್ಲಿ ಸಾಕಣೆದಾರ ಹಿಡಿಯುವ ದಾರಿ ಇದೇ. ಬಣ್ಣ ದೊರೆಯುತ್ತದೆ. ಅದರೊಡನೆ ಮರಿಯ ಜೀನ್ ಜೋಡಿಗಳಲ್ಲಿ ಸರಾಸರಿ ಶೇ. 25 ಒಂದೇ ಪೂರ್ವಜನ ಎರಡು ಪ್ರತಿಗಳಾಗುತ್ತವೆ. ಹೋಲಿಕೆಗೆ ಹೇಳುವುದಾದರೆ, ನಮ್ಮ ಕಡೆ ರೂಢಿಯಲ್ಲಿರುವ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಈ ಪ್ರಮಾಣ ಶೇ. 12.5, ಅತ್ತೆಯ ಅಥವಾ ಮಾವನ ಮಕ್ಕಳೊಡನೆ ಆದರೆ ಶೇ. 6.25.

ಇಂಥ ಜೋಡಿಗಳನ್ನು ಪೀಳಿಗೆ ಪೀಳಿಗೆ ಮುಂದುವರಿಸಿದಾಗ ಮೊಟ್ಟೆಯೊಡೆಯದಿರುವುದು, ಮರಿ ಬಡಕಲಾಗುವುದು, ರೋಗಕ್ಕೆ ಬೇಗ ಬಲಿಯಾಗುವುದು ಹೆಚ್ಚುತ್ತವೆ. ಆಗ ‘ಕೆಂಪಿಗೆ ಕೆಂಪು ಹಾಕಿದ್ದರಿಂದ ಬಲಹೀನವಾಯಿತು’ ಎಂದು ಬಣ್ಣವನ್ನು ದೂರಲಾಗುತ್ತದೆ. ದೋಷ ಕೆಂಪಿನದಲ್ಲ, ಅಣ್ಣ ತಂಗಿಯರದು. ಹಳೆಯ ನಿಯಮದಲ್ಲಿ ಅಡಗಿರಬಹುದಾದ ಸತ್ಯದ ತುಣುಕು ಇದೇ. ಒಂದೇ ಬಣ್ಣದ ಹಕ್ಕಿಗಳು ಸಣ್ಣ ಊರಿನಲ್ಲಿ ಹೆಚ್ಚಾಗಿ ಒಂದೇ ಮನೆತನದವು. ನಿಯಮ ಮಾಡಿದವರು ಪರಿಣಾಮವನ್ನು ಸರಿಯಾಗಿ ಕಂಡರು, ಕಾರಣವನ್ನು ತಪ್ಪಾಗಿ ಗುರುತಿಸಿದರು.

ಹಾಗಾದರೆ ಜೋಡಿ ಹೇಗೆ?

ಬಣ್ಣದ ಸ್ಥಾನದಲ್ಲಿ ದಾಖಲೆ ಬರಬೇಕು. ಸಂಘ ಇಲ್ಲದಿದ್ದರೂ ದಾಖಲೆ ಸಾಧ್ಯ. ನಕಾಶೆ ತೆರೆದು ನೋಡಿ. ಮುದ್ದೇಬಿಹಾಳದಿಂದ ನೇರ ಗೆರೆಯಲ್ಲಿ ಬಸವನ ಬಾಗೇವಾಡಿ ಸುಮಾರು 30 ಕಿ.ಮೀ., ಸಿಂದಗಿ ಸುಮಾರು 65 ಕಿ.ಮೀ., ಇಂಡಿ ಸುಮಾರು 95 ಕಿ.ಮೀ. ಮೂರೂ ಹೆಚ್ಚು ಕಡಿಮೆ ಉತ್ತರ ದಿಕ್ಕಿಗೇ ಇವೆ. ಮರಿಗಳನ್ನು ಮೊದಲು ಎರಡು, ಐದು, ಹತ್ತು ಕಿ.ಮೀ.ಗಳಿಂದ ಬಿಟ್ಟು ಪಳಗಿಸಿ, ಅನಂತರ ಈ ಮೂರು ಊರುಗಳಿಂದ ಕ್ರಮವಾಗಿ ಬಿಡಬಹುದು. ಎಲ್ಲ ಹಕ್ಕಿಗಳನ್ನೂ ಒಂದೇ ಬುಟ್ಟಿಯಿಂದ ಒಂದೇ ಗಳಿಗೆಯಲ್ಲಿ, ತಂಪು ಹೊತ್ತಿನಲ್ಲಿ ಬಿಡಬೇಕು. ಗಾಳಿಯ ದಿಕ್ಕು, ಬಿಟ್ಟ ಸಮಯ, ಗೂಡು ಹೊಕ್ಕ ಸಮಯ ಇವನ್ನು ರಿಂಗ್ ಸಂಖ್ಯೆಯೊಡನೆ ಬರೆದಿಡಬೇಕು. ಸಿಂದಗಿಯಿಂದ 60 ನಿಮಿಷದಲ್ಲಿ ಬಂದ ಹಕ್ಕಿಯ ವೇಗ ನಿಮಿಷಕ್ಕೆ ಸುಮಾರು 1,083 ಮೀಟರ್. ಬಾರದ ಹಕ್ಕಿಗಳ ಸಾಲನ್ನು ಪುಸ್ತಕದಿಂದ ಹೊಡೆದುಹಾಕಬಾರದು. ತೀರ್ಮಾನಕ್ಕೆ ಅವೂ ಅಷ್ಟೇ ಮುಖ್ಯ.

ಬಣ್ಣವೇ ಹಾರಾಟ ನಿರ್ಧರಿಸುತ್ತದೆ ಎಂದು ಇನ್ನೂ ನಂಬುವವರು ತಮ್ಮ ಗೂಡಿನಲ್ಲೇ ನಡೆಸಬಹುದಾದ ಪ್ರಯೋಗವೊಂದಿದೆ. ಗರಿಯಲ್ಲಿ ಕಪ್ಪು ಚುಕ್ಕೆಗಳಿರುವ ಬೂದಿಗೆಂಪು ಗಂಡಿಗೆ ನೀಲಿ ಹೆಣ್ಣನ್ನು ಜೋಡಿ ಮಾಡಿ. ಗಂಡುಮರಿಗಳಲ್ಲೂ ಹೆಣ್ಣುಮರಿಗಳಲ್ಲೂ ಸರಾಸರಿ ಅರ್ಧ ಬೂದಿಗೆಂಪು, ಅರ್ಧ ನೀಲಿ ಹುಟ್ಟುತ್ತವೆ. ಅದೇ ತಂದೆ, ಅದೇ ತಾಯಿ, ಅದೇ ಜೋಳ ಕಡಲೆ, ಅದೇ ಗೂಡು. ವ್ಯತ್ಯಾಸ ಮುಖ್ಯವಾಗಿ ಬಣ್ಣದ್ದು. ವರ್ಷಕ್ಕೆ 5 ಸಲ ಮರಿ ತೆಗೆದರೆ 3 ವರ್ಷದಲ್ಲಿ ಸುಮಾರು 30 ಮರಿಗಳು. ನಾಲ್ಕಾರು ಗೂಡಿನವರು ಸೇರಿ ಇದನ್ನೇ ಮಾಡಿ ಲೆಕ್ಕ ಒಟ್ಟುಗೂಡಿಸಿದರೆ, ಬಾಯಿಮಾತಿನ ನಿಯಮಗಳಿಗಿಂತ ನಂಬಲರ್ಹವಾದ ಉತ್ತರ ದೊರೆಯುತ್ತದೆ.

ಜೋಡಿ ಹಾಕುವಾಗ ಮೊದಲು ಹಕ್ಕಿಯ ಮತ್ತು ಅದರ ಒಡಹುಟ್ಟುಗಳ ಮರಳಿದ ದಾಖಲೆ, ಎರಡನೆಯದಾಗಿ ಆರೋಗ್ಯ, ಮೂರನೆಯದಾಗಿ ಎರಡು ಹಕ್ಕಿಗಳ ನಡುವಿನ ಸಂಬಂಧ ನೋಡಿ. ಬಣ್ಣವನ್ನು ಕಡೆಗೆ ನೋಡಿ: ಮರಿಯ ಲಿಂಗ ತಿಳಿಯಲು, ವಂಶಪತ್ರ ಪರೀಕ್ಷಿಸಲು, ಆಲ್ಮಂಡಿನಂಥ ಅಪಾಯ ತಪ್ಪಿಸಲು. ಇಷ್ಟು ಮಾಡಿದ ಮೇಲೂ ನಿಮಗೆ ಮೀಲಿಯ ಬಣ್ಣವೇ ಇಷ್ಟವೆಂದರೆ ಮೀಲಿಯನ್ನೇ ಸಾಕಿ, ಅದರಲ್ಲಿ ತಪ್ಪಿಲ್ಲ. ಅದಕ್ಕೆ ವೇಗದ ಬೆಲೆ ಮಾತ್ರ ಕೊಡಬೇಡಿ.